ಬೋಳು ತಲೆಯ ಬೆಲೆ

ವೇಡ್ ಟ್ರಿಮ್ಮರ್ ಹಿಡಿದು ಹತ್ತಿರ ಬಂದದ್ದೇ ತಡ, ಕೋಲ್ಬಿ ತನ್ನ ಗುಂಗುರು ತಲೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡ.

"ಮುಟ್ಬೇಡ ಕ್ಯಾಪ್ಟನ್! ಈ ಕೂದ್ಲು ನಂದಲ್ಲ."

"ಮತ್ತೆ ಯಾರ್ದೋ, ನಿಮ್ಮಜ್ಜೀದಾ?"

"ಶಾಂಪೂ ಕಂಪ್ನೀದು. ಅವ್ರ ಜಾಹೀರಾತಿಗೆ ದುಡ್ಡು ತಗೊಂಡಿದೀನಿ. ಸೀಸನ್ ಮುಗಿಯೋವರ್ಗೂ ಕತ್ರಿ ಮುಟ್ಟಿಸಲ್ಲ ಅಂತ ಸಹಿ ಹಾಕಿದೀನಿ."

ಬಟ್ಟೆ ಬದಲಿಸುವ ಕೋಣೆ ಗೊಳ್ಳೆಂದು ನಕ್ಕಿತು. ವೇಡ್ ಒಬ್ಬ ನಗಲಿಲ್ಲ. ಅಮೆರಿಕದ ನೆಬ್ರಾಸ್ಕಾದ ಆ ಕಾಲೇಜಿನಲ್ಲಿ ಫುಟ್‌ಬಾಲ್ ತಂಡಕ್ಕೆ ಸೇರಿದ ಹೊಸಬರ ತಲೆಯನ್ನು ಕ್ಯಾಪ್ಟನ್ನೇ ಬೋಳಿಸಬೇಕು. ಆಮೇಲೆ ಎಲ್ಲರೂ ಕೂತು ಹಂದಿಯ ಪಕ್ಕೆಲುಬು ಸುಟ್ಟು ತಿನ್ನಬೇಕು. ತನ್ನ ತಲೆ ಬೋಳಾದ ದಿನ ವೇಡ್ ಅತ್ತಿದ್ದ. ಆದರೆ ಮನೆ ಬಿಟ್ಟು ಬಂದವನಿಗೆ ಅಣ್ಣತಮ್ಮಂದಿರು ಸಿಕ್ಕಿದ್ದೂ ಅಂದೇ. ಆ ಪದ್ಧತಿ ತನ್ನ ಕಾಲಕ್ಕೇ ಮಣ್ಣುಪಾಲಾಗುತ್ತದಲ್ಲ ಎಂದು ಅವನಿಗೆ ಸಿಟ್ಟು ಬಂತು.

ಉಳಿದ ಹೊಸಬರಿಗೂ ಧೈರ್ಯ ಬಂತು. ಕಾಲೇಜು ಆಟಗಾರರೂ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು ಎಂಬ ನಿಯಮ ಈಚೆಗಷ್ಟೇ ಬಂದಿತ್ತು. ಕೂದಲೆಣ್ಣೆ ಕಂಪನಿಯ ಜತೆ ಮಾತುಕತೆ ನಡೆದಿದೆ ಎಂದ ಒಬ್ಬ. ಬಾಚಣಿಗೆಯವರು ಫೋನ್ ಮಾಡಿದರೂ ಮಾಡಬಹುದು ಎಂದ ಇನ್ನೊಬ್ಬ. ಕೋಚ್ ಲಾಮರ್ ಟೋಪಿ ಸರಿಮಾಡಿಕೊಂಡು ಗುಡುಗಿದರು.

"ತಲೆ ಮಾರ್ಕೊಂಡೋರು ತಂಡ ಕಟ್ಟಲ್ಲ ಕಣ್ರೋ! ನಮ್ ಕಾಲ್ದಲ್ಲಿ ಯಾರಾದ್ರೂ ಕೊಟ್ರು ಅಂತ ಒಂದು ಬರ್ಗರ್ ಪುಕ್ಕಟೆ ತಿಂದ್ರೂ ತಂಡದಿಂದ ಆಚೆಗೆ ಹಾಕ್ತಿದ್ರು!"

ಯಾರೋ ಇದನ್ನೆಲ್ಲ ಫೋನಿನಲ್ಲಿ ಹಿಡಿದು ಹರಿಬಿಟ್ಟರು. ಟ್ರಿಮ್ಮರ್ ಹಿಡಿದು ಪೆಚ್ಚಾಗಿ ನಿಂತ ವೇಡ್‌ನನ್ನು ನೋಡಿ ಊರೇ ನಕ್ಕಿತು. ಆ ವಾರವೇ ಟ್ರಿಮ್ಮರ್ ಕಂಪನಿಯಿಂದ ಕರೆ ಬಂತು: ಹೊಸಬರ ತಲೆ ಬೋಳಿಸಿ ವಿಡಿಯೊ ಹಾಕಬೇಕು, ನಿನಗೂ ದುಡ್ಡು, ತಲೆ ಕೊಟ್ಟವನಿಗೂ ದುಡ್ಡು. ಪದ್ಧತಿಯೂ ಉಳಿಯಿತು, ಜೇಬೂ ತುಂಬಿತು ಎಂದು ವೇಡ್ ಕುಣಿದಾಡಿದ.

ಭಾನುವಾರ ಕೋಲ್ಬಿಯೊಬ್ಬನನ್ನು ಬಿಟ್ಟು ಎಲ್ಲ ಹೊಸಬರೂ ಸಾಲುಗಟ್ಟಿದರು. ಆದರೆ ತಲೆ ಬೋಳಾದದ್ದೇ "ದುಡ್ಡು ಯಾವಾಗ ಬರುತ್ತೆ ಗುರೂ?" ಎಂದು ಕೇಳಿ ಒಬ್ಬೊಬ್ಬರಾಗಿ ಜಾರಿಕೊಂಡರು. ಹೊರಗೆ ಸುಟ್ಟಿಟ್ಟ ಮಾಂಸ ಹಾಗೇ ಆರಿಹೋಯಿತು. ವೇಡ್‌ಗೆ ತುಂಬ ಬೇಜಾರಾಯಿತು.

ಟ್ರಿಮ್ಮರ್ ಒರೆಸಿಡುವಾಗ ಹಿಂದೆ ಕುರ್ಚಿ ಕಿರುಗುಟ್ಟಿತು. ಕೋಚ್ ಲಾಮರ್ ಕೂತಿದ್ದರು. ಟೋಪಿ ತೆಗೆದರೆ ನೆತ್ತಿ ಫಳಫಳ. ಕಿವಿಗಳ ಹಿಂದೆ ಮಾತ್ರ ಒಂದಿಷ್ಟು ಬಿಳಿಕೂದಲು.

"ಸದ್ಯ, ನೀವಾದ್ರೂ ತಂಡಕ್ಕೋಸ್ಕರ ಬಂದ್ರಲ್ಲ ಸರ್," ಎಂದ ವೇಡ್.

ಲಾಮರ್ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಕ್ಯಾಮೆರಾ ಆನ್ ಇದೆ ತಾನೆ? ಅರ್ಧ ತಲೆಗೆ ಅರ್ಧ ದುಡ್ಡಾದ್ರೂ ಕೊಡ್ತಾರಾ, ಕೇಳು."