ಮೊದಲು ಮುಖ ನೋಡು

ಪರದೆಯ ಆಚೆಯಿಂದ ಬೈಗುಳ ಶುರುವಾದಾಗ ರುಮಾನಾ ಇನ್ನೂ ಕೈಗವಸಿಗೆ ಬೆರಳು ತೂರಿಸುತ್ತಿದ್ದಳು.

"ಬಂದ್ಲೇನು ಮಹಾರಾಣಿ? ಆಪರೇಷನ್ ಮುಗ್ಯಾಕ್ ಬಂತು."

ಡಾಕ್ಟರ್ ವಿರೂಪಾಕ್ಷ. ಯಲಹಂಕದ ಈ ಆಸ್ಪತ್ರೆಯ ದೊಡ್ಡ ಸರ್ಜನ್, ಇಂಟರ್ನ್‌ಗಳ ಪಾಲಿನ ಶನಿ. ಮತ್ತಿಕೆರೆಯಿಂದ ಹೊರಟ ಬಸ್ಸು ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ಕದಲಲಿಲ್ಲವೆಂದು ಅವಳು ಹೇಳಲಿಲ್ಲ. ಹೇಳಿದರೆ ಬಸ್ಸಿಗೂ ಬೈಯುವ ಮನುಷ್ಯ.

ಇವತ್ತು ಅವಳ ಸರ್ಜರಿ ತರಬೇತಿಯ ಕೊನೆಯ ದಿನ. ಒಂದು ಗಾಯವನ್ನು ತಾನೇ ಹೊಲಿದು ಲಾಗ್‌ಬುಕ್ಕಿಗೆ ಅವನ ಸಹಿ ಪಡೆಯಬೇಕು. ಇಲ್ಲದಿದ್ದರೆ ಅವನ ಕೈಕೆಳಗೆ ಇನ್ನೂ ಎರಡು ತಿಂಗಳು. ಅದಕ್ಕಿಂತ ಜೈಲು ವಾಸಿ ಎಂದು ರೂಮಿನ ಗೆಳತಿಯರಿಗೆಲ್ಲ ಹೇಳಿದ್ದಳು.

ಅವನ ನಿಯಮಗಳನ್ನು ಕಂಡರೆ ಅವಳಿಗೆ ಅಸಹ್ಯ. ಅದರಲ್ಲೂ ಒಂದು: ರೋಗಿಯ ಮುಖ ನೋಡದೆ, ಹೆಸರು ವಯಸ್ಸು ಕೇಳದೆ ಸೂಜಿ ಮುಟ್ಟಬಾರದು. ಹೊಟ್ಟೆ ಹೊಲಿಯುವುದಕ್ಕೆ ಮುಖವೇಕೆ? ಇದೇನು ವಧುಪರೀಕ್ಷೆಯೇ? ಇವತ್ತು ತಡವಾಗಿತ್ತು, ಕೇಳಲಿಲ್ಲ. ಬಲಗಡೆಯ ಹರ್ನಿಯಾ, ಸೊಂಟದ ಕೆಳಗೆ ಮರಗಟ್ಟಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗಿದೆ ಎಂದು ನರ್ಸ್ ಅಮೀನಾ ಹೇಳಿದ್ದಳು. ರೋಗಿಯ ಎದೆಗೆ ಅಡ್ಡಲಾಗಿ ಕಟ್ಟಿದ ಪರದೆಯ ಈಚೆ, ಹಸಿರು ಬಟ್ಟೆಯ ನಡುವೆ ಅಂಗೈಯಗಲ ಚರ್ಮ ಕಾಣುತ್ತಿತ್ತು. ಅಷ್ಟು ಸಾಕು.

ಒಳಗೆ ಬರುವಾಗ ವಿರೂಪಾಕ್ಷನ ಥಿಯೇಟರ್ ಚಪ್ಪಲಿ ಬಾಗಿಲ ಸ್ಟ್ಯಾಂಡಿನಲ್ಲೇ ಇತ್ತು. ಬರಿಗಾಲಲ್ಲಿ ನುಗ್ಗಿದ್ದಾನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಕೊಯ್ದದ್ದೂ ಅವನಲ್ಲ, ಸಹಾಯಕ ಸರ್ಜನ್ ಮಹೇಂದ್ರ. ಇವನು ಪರದೆಯ ಆಚೆ, ಅರಿವಳಿಕೆಯ ಡಾಕ್ಟರ್ ಖುದ್ದೂಸ್ ಪಕ್ಕ ಆರಾಮವಾಗಿದ್ದುಕೊಂಡು ಬಾಯಿಗಷ್ಟೇ ಕೆಲಸ ಕೊಟ್ಟಿದ್ದಾನೆ. ಎದ್ದು ಬಂದು ನೋಡುವ ಸೌಜನ್ಯವೂ ಇಲ್ಲ.

"ಚರ್ಮ ಆಕೀನ ಹೊಲೀಲಿ," ಎಂದಿತು ದನಿ.

ಮಹೇಂದ್ರ ಅಳುಕಿದ. "ಸರ್, ಇವತ್ತೊಂದಿನ ನಾನೇ ಮುಗಿಸ್ಬಿಡ್ತೀನಿ."

"ಆಕೀನ ಹೊಲೀಲಿ."

ಸೂಜಿ ಕೊಡುವಾಗ ಮಹೇಂದ್ರನ ಹಣೆ ಬೆವೆತಿತ್ತು. ಪುಕ್ಕಲ, ಎಂದುಕೊಂಡಳು ರುಮಾನಾ.

ಮೂರನೆಯ ಹೊಲಿಗೆಗೆ ಸೂಜಿ ಹಿಡಿದ ಚಿಮಟ ಜಾರಿ ಎರಡು ಸಲ ಸದ್ದು ಮಾಡಿತು.

"ಗೋಣಿಚೀಲ ಹೊಲ್ಯಾಕ್ಹತ್ತೀಯೇನು? ಬಿಚ್ಚಿ ಮತ್ತ ಹಾಕು."

ಹೊಲಿಗೆ ನಿಜಕ್ಕೂ ಸೊಟ್ಟಗಿತ್ತು. ನೋಡದೆಯೇ ಹೇಳಿದನಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು. ಹಲ್ಲು ಕಚ್ಚಿ ಬಿಚ್ಚಿದಳು, ಮತ್ತೆ ಹಾಕಿದಳು.

ಖುದ್ದೂಸ್ ನಕ್ಕ. "ಸರ್, ಮಾತು ಕಮ್ಮಿ ಮಾಡಿ. ಬಿಪಿ ಏರ್ತಿದೆ."

ಏರಲಿ, ಎಂದುಕೊಂಡಳು.

ಎಂಟನೆಯ ಗಂಟು ಬಿಗಿದು ನೆಟ್ಟಗೆ ನಿಂತಳು. ಗೆರೆ ಹಿಡಿದಂತಿತ್ತು ಹೊಲಿಗೆ. ಮಹೇಂದ್ರ ಕೂಡ ತಲೆದೂಗಿದ. ಮುಗೀತು ಸರ್, ಲಾಗ್‌ಬುಕ್ಕಿಗೆ ಸಹಿ ಬೇಕಿತ್ತು, ಎಂದಳು.

"ಪೇಷೆಂಟ್ ಹೆಸರೇನು?"

ಇನ್ನೆರಡು ತಿಂಗಳು ಕಣ್ಣ ಮುಂದೆ ಬಂದು ನಿಂತವು. ಗೊತ್ತಿಲ್ಲ ಎಂದಳು.

ಅಮೀನಾ ಪರದೆ ಇಳಿಸಿದಳು. ಆಚೆ ಇದ್ದದ್ದು ಒಂದೇ ಸ್ಟೂಲು, ಅದರ ಮೇಲೆ ಖುದ್ದೂಸ್.

ಮೇಜಿನ ದಿಂಬಿನ ಮೇಲಿದ್ದ ತಲೆ ಅವಳತ್ತ ಹೊರಳಿತು: "ಬರ್ಕೋ. ವಿರೂಪಾಕ್ಷ, ವಯಸ್ಸು ಐವತ್ತೆಂಟು. ಪೆನ್ ಇಲ್ಲೆ ಕೊಡು, ಸಹಿ ಮಾಡ್ತೀನಿ."