ಕಮಾನಿನ ಕೆಳಗೆ

"ಎಲ್ಲಿ, ಕಟ್ಟಿದೋನು ಬಂದು ಕೂತ್ಕಳ್ಲಿ!" ಎಂದು ಬಾಬು ಜಾನ್ ಮೇಸ್ತ್ರಿ ಕೂಗಿದಾಗ ಅವನ ಅಳಿಯ ಕರೀಂ ತಲೆಯೆತ್ತಿ ಕಮಾನಿನ ತುದಿಯನ್ನು ನೋಡಿದ.

ಮಳವಳ್ಳಿಯ ಹೊಸ ಚರ್ಚಿನಲ್ಲಿ ಕಮಾನಿನ ಆಸರೆ ಮರಗಳನ್ನು ಬಿಚ್ಚುವ ದಿನ ಅದು. ಮೇಸ್ತ್ರಿಯ ಮನೆತನದಲ್ಲಿ ಒಂದು ಕಟ್ಟಳೆ. ಕಮಾನು ಕಟ್ಟಿದವನು ಅದರ ಕೆಳಗೆ ಕೂತ ಮೇಲೇ ಆಸರೆ ತೆಗೆಯಬೇಕು. ಬಾಬು ಜಾನ್ ಹಾಗೆ ಅದೆಷ್ಟು ಕಮಾನುಗಳ ಕೆಳಗೆ ಕೂತು ಬೀಡಿ ಸೇದಿದ್ದನೋ! ಈ ಸಲ ಹಲಗೂರಿನಲ್ಲಿ ಬೇರೆ ಕೆಲಸ ಬಂದದ್ದರಿಂದ ಇದನ್ನು ಅಳಿಯನಿಗೆ ಬಿಟ್ಟಿದ್ದ. ಊರಲ್ಲೆಲ್ಲ ಇರುವ ಗುಂಡು ಕಮಾನಲ್ಲ ಇದು. ಊರಿನ ಪಾದ್ರಿಗಳು ವಿಲಾಯಿತಿ ಪುಸ್ತಕದ ಚಿತ್ರ ತೋರಿಸಿ ಕಟ್ಟಿಸಿದ್ದು, ಕೈ ಮುಗಿದ ಹಾಗೆ ಮೇಲಕ್ಕೆ ಮೊನಚಾದದ್ದು. ಎರಡು ಬದಿಗೂ ಗಾರೆಯ ದ್ರಾಕ್ಷಿ ಬಳ್ಳಿ. ನೋಡಿದವರೆಲ್ಲ ಭೇಷ್ ಅಂದಿದ್ದರು.

ತುದಿಯ ಕಲ್ಲುಗಳ ನಡುವಿನ ಗಾರೆ ಇನ್ನೂ ಹಸಿ ಅನ್ನುವುದು ಕರೀಮನೊಬ್ಬನಿಗೇ ಗೊತ್ತು. ಯುದ್ಧದ ಕಾಲ, ಸಿಮೆಂಟು ಕಣ್ಣಿಗೂ ಸಿಗದು. ಭಾನುವಾರ ಚರ್ಚು ತೆರೆಯಲು ದೊಡ್ಡ ಪಾದ್ರಿಗಳು ಬರುತ್ತಾರೆಂಬ ಅವಸರಕ್ಕೆ ಬಿದ್ದು, ಅರೆದ ಸುಣ್ಣದ ಗಾರೆ ಹದಕ್ಕೆ ಬರುವ ಮೊದಲೇ ಮೆತ್ತಿಬಿಟ್ಟಿದ್ದ. ಆಮೇಲೆ ಹಿಡಿದ ಜಡಿಮಳೆ ಅದನ್ನು ಒಣಗಗೊಡಲಿಲ್ಲ. ಈಗ ಬಾಯಿಬಿಟ್ಟರೆ ಮಾವನ ಮರ್ಯಾದೆ ಊರ ಮುಂದೆ ಮೂರು ಕಾಸಿಗೆ ಹರಾಜು. ನಿಂತರೂ ನಿಲ್ಲಬಹುದು, ಬಿದ್ದರೆ ತನ್ನ ತಲೆಯ ಮೇಲೆ ತಾನೇ? 'ಯಾ ಅಲ್ಲಾ' ಅಂದುಕೊಂಡು ಹೋಗಿ ಕೂತ.

ಆಗ ಗಾರೆ ಹೊರುವ ಸೋಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಅವನ ಪಕ್ಕ ಕುಕ್ಕರಿಸಿದಳು.

"ನೀನ್ಯಾಕಮ್ಮ ಬಂದೆ? ಏಳು!"

"ಯಾಕ್ಲಾ ಏಳ್ಲಿ? ಗಾರೆ ಒತ್ತು ಒತ್ತು ನನ್ ನೆತ್ತಿ ಸವ್ದೋಗದೆ. ನೀನೊಬ್ನೇ ಕಟ್ಬುಟ್ಟಾ?" ಮುದುಕಿ ಎಲೆ ಅಡಿಕೆ ಚೀಲ ಬಿಚ್ಚಿದಳು.

"ಎದ್ದೋಗಮ್ಮ, ನಿನ್ ದಮ್ಮಯ್ಯ!"

"ಸುಮ್ಕಿರ್ಲಾ. ನೀ ಕಟ್ಟಿದ್ದು ಬಿದ್ದಾದಾ?"

ಬಾಬು ಜಾನ್ ಆಸರೆ ಬಿಚ್ಚಲು ಸುತ್ತಿಗೆ ಎತ್ತಿದ. ಕರೀಂ ತಡೆಯಲಾರದೆ ಎದ್ದು ಆ ಕೈಯನ್ನು ಹಿಡಿದುಕೊಂಡ.

"ಬ್ಯಾಡ ಮಾವ. ಗಾರೆ ಇನ್ನೂ ಹಸಿ ಐತೆ. ಅವಸ್ರ ಬಿದ್ಬುಟ್ಟೆ."

ಬಾಬು ಜಾನ್ ಅಳಿಯನ ಮುಖವನ್ನೇ ನೋಡಿದ. ಸುತ್ತಿಗೆ ಕೆಳಗೆಸೆದು ಹೊರಗೆ ನಡೆದ. ನಾಚಿಕೆಗೆ ಕರೀಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭಾನುವಾರ ಆಸರೆ ಮರಗಳು ಹಾಗೇ ನಿಂತಿದ್ದವು. ಸೋಮಮ್ಮ ಅವಕ್ಕೆ ಮಾವಿನ ಸೊಪ್ಪು, ಚೆಂಡುಹೂ ಸುತ್ತಿದ್ದಳು. ಪರದೇಶದ ದೊಡ್ಡ ಪಾದ್ರಿಗಳು ಅವನ್ನು ಸವರಿ ನೋಡಿ, ಈ ಸೀಮೆಯ ಶೈಲಿ ಬಹಳ ಚೆನ್ನಾಗಿದೆ, ಈ ಕಂಬಗಳನ್ನು ಯಾವತ್ತೂ ತೆಗೆಯಬೇಡಿ ಎಂದರು. ಊರಿನ ಪಾದ್ರಿಗಳು ಕೆಮ್ಮಿದರು.

ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದ ಕರೀಮನ ಪಕ್ಕಕ್ಕೆ ಬಾಬು ಜಾನ್ ಬಂದ. ಸುತ್ತಿಗೆ ಎಸೆದ ದಿನದಿಂದ ಅಳಿಯನನ್ನು ಅವನು ಮಾತಾಡಿಸಿರಲಿಲ್ಲ. ಬೀಡಿ ಹಚ್ಚಿ, ಒಳಗಿನ ಕಮಾನನ್ನು ತುದಿಯ ತನಕ ನೋಡಿದ.

"ಯಾವತ್ತು ಬಿಚ್ಬೌದು ಅಂತ ನೀನೇ ಯೋಳು," ಅಂದ. "ಅವತ್ತು ಆ ಮುದ್ಕಿ ಪಕ್ದಲ್ಲಿ ನನ್ಗೂ ಒಸಿ ಜಾಗ ಮಡಗು."