ವಾರಿಜಮ್ಮನ ಸಟ್ಟುಗ

"ಆ ಕೈ ತೆಗಿ!"

ಅನಘಳ ಎಡಗೈಯಲ್ಲಿದ್ದ ಸೌಟು ಕಾವಲಿಯ ಮೇಲೆ ಅರ್ಧ ಸುತ್ತು ಸುತ್ತಿ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಮಾವ ಹೃಷೀಕೇಶ ರಾಯರು ಕೆಂಡಾಮಂಡಲವಾಗಿ ನಿಂತಿದ್ದರು.

"ಎಡಗೈ ಎಂಥಕ್ಕೆ ಇರುವುದು ಅಂತ ಕಳಂಬೋಲಿಯಲ್ಲಿ ನಿನ್ನ ಅಪ್ಪ ಅಮ್ಮ ಹೇಳಿಕೊಡ್ಲಿಲ್ವಾ? ಇದು ಜನ ತಿನ್ನುವ ದೋಸೆ."

"ಅದಕ್ಕೇ ಮಾವ. ತಿನ್ನುವ ಹಾಗಾದ್ರೂ ಇರ್ಲಿ ಅಂತ."

ಮಾತು ಸರಿಯಾದ ಜಾಗಕ್ಕೇ ನಾಟಿತು. ಠಾಣೆ ಊರಿನ ನೌಪಾಡಾದ ಹೊಟೆಲ್ ವಾರಿಜಾದಲ್ಲಿ ಹನ್ನೊಂದು ವರ್ಷ ದೋಸೆ ಹೊಯ್ದ ಮುಂಡಪ್ಪ ಮೂರು ವಾರದ ಹಿಂದೆ ತುರ್ಭೆಯ ಯಾವುದೋ ಕ್ಯಾಂಟೀನಿಗೆ ಹಾರಿದ್ದ. ಅಂದಿನಿಂದ ಕಾವಲಿಯ ಮುಂದೆ ರಾಯರೇ. ಹೊಯ್ದದ್ದೆಲ್ಲ ಹರಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಾಯರು ಹಿಟ್ಟನ್ನು ದೂರಿದರು, ಗ್ಯಾಸನ್ನು ದೂರಿದರು, ಠಾಣೆಯ ನೀರನ್ನೂ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಇಪ್ಪತ್ತು ವರ್ಷದ ಗಿರಾಕಿಯೊಬ್ಬರು ಚಿಂದಿ ದೋಸೆಯನ್ನು ಬೆರಳಲ್ಲಿ ಎತ್ತಿ ಹಿಡಿದು, "ಅಣ್ಣಾ, ಆಜ್ ಪಣ್ ಫಾಟ್ಲಾ?" ಇವತ್ತೂ ಹರಿಯಿತಾ ಎಂದು ಮರಾಠಿಯಲ್ಲಿ ಕೇಳಿ ನಕ್ಕು, ಎದುರಿನ ಹೊಟೆಲಿಗೆ ಎದ್ದು ಹೋಗಿದ್ದರು.

"ಪಪ್ಪಾ, ಟೇಬಲ್ ಎಲ್ಲ ಖಾಲಿ ಹೊಡೀತಾ ಉಂಟು," ಎಂದ ಮಗ ಕಶ್ಯಪ. "ಅನಘಾ ಮಾಡ್ಲಿ ಬಿಡಿ ನಾ. ಕೈ ಯಾವುದಾದ್ರೆ ಏನು?"

"ಹೊಟೆಲ್ ಮುಚ್ಚಿದ್ರೂ ಅಡ್ಡಿಯಿಲ್ಲ. ಅಮ್ಮನ ಕಾವಲಿಗೆ ಎಡಗೈ ತಾಗಬಾರದು."

ಅಮ್ಮ ಗೋಡೆಯ ಮೇಲಿದ್ದಳು. ಫೋಟೋದಲ್ಲಿ ಬಲಗೈಯ ಹವಳದುಂಗುರ ಕಾಣುವಂತೆ ಕುಳಿತಿದ್ದಳು. ಉಡುಪಿಯಿಂದ ಬರಿಗೈಯಲ್ಲಿ ಬಂದು ಈ ಹೊಟೆಲ್ ಕಟ್ಟಿದ ವಾರಿಜಮ್ಮ. ಆಕೆ ದೋಸೆ ಹೊಯ್ಯುವಾಗ ಅಡುಗೆಮನೆಯ ಬಾಗಿಲಿಗೆ ಪರದೆ ಬೀಳುತ್ತಿತ್ತು. ಹಿಟ್ಟಿಗೆ ದೃಷ್ಟಿಯಾಗುತ್ತದೆ ಎನ್ನುತ್ತಿದ್ದಳು. ಹೆತ್ತ ಮಗನೂ ಒಳಗೆ ಕಾಲಿಡುವಂತಿರಲಿಲ್ಲ. ಆಕೆ ಇಟ್ಟದ್ದು ಇಟ್ಟಲ್ಲೇ ಇರಬೇಕೆಂಬುದು ರಾಯರ ಹಟ. ಹಿಟ್ಟಿನ ಪಾತ್ರೆಯ ಕಟ್ಟೆ ಕಾವಲಿಯ ಎಡಕ್ಕಿದೆ, ಕೈ ಅಡ್ಡಡ್ಡ ಹಾಯಿಸಿ ಸಾಕಾಯಿತು, ಒಡೆಸಿ ಎಂದು ಮುಂಡಪ್ಪ ಹನ್ನೊಂದು ವರ್ಷವೂ ಗೊಣಗಿದ್ದ. ಅಮ್ಮ ಕಟ್ಟಿಸಿದ ಕಟ್ಟೆಗೆ ಸುತ್ತಿಗೆ ತಾಗಿಸಲು ರಾಯರು ಒಪ್ಪಿರಲಿಲ್ಲ.

ಫೋಟೋದ ಕೆಳಗೆ, ಮೊಳೆಯಲ್ಲಿ, ಆಕೆ ದೋಸೆ ಮಗುಚುತ್ತಿದ್ದ ಕಬ್ಬಿಣದ ಸಟ್ಟುಗ ನೇತಾಡುತ್ತಿತ್ತು. ಒಂದು ಮೂಲೆ ಪೂರ್ತಿ ಸವೆದಿತ್ತು. ಅಮ್ಮ ತೀರಿಕೊಂಡ ಮೇಲೆ ಎಂತೆಂಥ ಪಳಗಿದವರು ಹಿಡಿದರೂ ಅದು ದೋಸೆಯನ್ನು ಚುಚ್ಚಿ ಹರಿಯುತ್ತಿತ್ತು. ವಾರಿಜಮ್ಮನ ಕೈಗೆ ಮಾತ್ರ ಒಲಿದದ್ದು ಎಂದು ಎಲ್ಲರೂ ಕೈಮುಗಿದರು. ಈಗ ಅದಕ್ಕೆ ದಿನಾ ಕುಂಕುಮ.

ರಾಯರು ತಮ್ಮ ಎಡ ಅಂಗೈಯನ್ನು ಸೊಸೆಯ ಮುಖದೆದುರು ಚಾಚಿದರು. ನಡುವೆ ಅಡ್ಡಲಾಗಿ ಹಳೆಯ ಬರೆ.

"ನಾನೂ ನಿನ್ನ ಹಾಗೇ ಹುಟ್ಟಿದ್ದು. ಆರು ವರ್ಷಕ್ಕೆ ಅಮ್ಮ ಬಿಡಿಸಿದಳು. ಅದೇ ಸಟ್ಟುಗ ಕಾಯಿಸಿ. ನಿನಗೆ ಬಿಡಿಸುವವರು ಇರ್ಲಿಲ್ಲ, ಅಷ್ಟೇ."

ಆ ಒಂದು ದಿನ ಮಾತ್ರ ಅಮ್ಮ ಅವರನ್ನು ಪರದೆಯ ಒಳಗೆ ಕರೆದಿದ್ದಳು. ಮಣಿಕಟ್ಟನ್ನು ಅದೆಷ್ಟು ಬಿಗಿಯಾಗಿ ಹಿಡಿದಳೆಂದರೆ ಹವಳದುಂಗುರ ಎಲುಬಿಗೆ ಒತ್ತಿತ್ತು. ಬರೆಗಿಂತ ಆ ಒತ್ತೇ ಹೆಚ್ಚು ನೆನಪು. ಬರೆ ಎಳೆಯುವಾಗ ಅಮ್ಮನೂ ಅಳುತ್ತಿದ್ದಳು. ಯಾಕೆಂದು ಅವರು ಎಂದೂ ಕೇಳಲಿಲ್ಲ.

"ಪಾಪ ನಿಮ್ಮ ಕೈ," ಎಂದಳು ಅನಘ.

ಆ ಕನಿಕರ ರಾಯರನ್ನು ಇನ್ನಷ್ಟು ಕೆರಳಿಸಿತು. ಇವಳನ್ನು ಈ ಅಡುಗೆಮನೆಯಿಂದಲ್ಲ, ಮನೆಯಿಂದಲೇ ಕಳಿಸಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವರ ಕಣ್ಣು ಮೊಳೆಯ ಕಡೆ ಹೋಯಿತು.

"ಆಯ್ತು. ಒಂದು ದೋಸೆ ಹೊಯ್ಯಿ. ಯಾವ ಕೈ ಬೇಕಾದ್ರೂ ಆಗ್ಬಹುದು. ಮಗುಚುವುದು ಮಾತ್ರ ಅಮ್ಮನ ಸಟ್ಟುಗದಲ್ಲಿ. ಹರಿದ್ರೆ ನಾಳೆಯಿಂದ ನೀನು ಕಳಂಬೋಲಿಯಲ್ಲಿ."

"ಪಪ್ಪಾ! ಅದ್ರಲ್ಲಿ ಯಾರಿಗೂ ಬರೋದಿಲ್ಲ, ನಿಮಗೆ ಗೊತ್ತುಂಟು. ಯೆ ತೋ ಚೀಟಿಂಗ್ ಹೈ!"

"ಅಮ್ಮನ ತೀರ್ಮಾನ ಅಂತ ತಿಳ್ಕೊ."

"ಹರಿಯದಿದ್ರೆ?" ಎಂದಳು ಅನಘ.

"ಕಾವಲಿ ನಿನ್ನದು," ಎಂದರು ರಾಯರು. ಅದು ಮೂರು ಕಾಸಿನ ನಷ್ಟವೂ ಇಲ್ಲದ ಮಾತೆಂದು ಅವರಿಗೆ ಖಾತ್ರಿಯಿತ್ತು.

ಅನಘ ಸಟ್ಟುಗ ಇಳಿಸಿ ಕುಂಕುಮ ತೊಳೆದಳು. ಅರ್ಧಕ್ಕೆ ನಿಂತು ಕರಟಿದ ದೋಸೆಯನ್ನು ಕೆರೆದು ತೆಗೆದು ಕಾವಲಿಗೆ ನೀರು ಚಿಮುಕಿಸಿ ಒರೆಸಿದಳು. ಎಡಗೈ ಎಡಗಡೆಯ ಕಟ್ಟೆಯಿಂದ ಹಿಟ್ಟು ತೆಗೆದು, ಸರಾಗವಾಗಿ ಸುತ್ತಿತು. ಅಂಚು ಕೆಂಪಾಯಿತು. ಕಶ್ಯಪ ಮುಖ ತಿರುಗಿಸಿಕೊಂಡ. ರಾಯರು ಎದೆಯ ಮೇಲೆ ಕೈಕಟ್ಟಿ, ಸಂಜೆಯೇ ಅವಳ ಪೆಟ್ಟಿಗೆಗಳಿಗೆ ಒಂದು ಟೆಂಪೋ ಹೇಳಬೇಕು ಎಂದುಕೊಂಡರು.

ಅವಳು ಸಟ್ಟುಗವನ್ನು ಮೊದಲು ಬಲಗೈಯಲ್ಲೇ ಹಿಡಿದಳು. ಹಿರಿಯರ ವಸ್ತು, ಮರ್ಯಾದೆ ಇರಲಿ ಎಂದೇನೋ. ಸವೆಯದ ಚೂಪು ಮೂಲೆ ದೋಸೆಯ ಅಂಚಿಗೆ ಚುಚ್ಚಿಕೊಂಡಿತು. ರಾಯರ ತುಟಿ ಅರಳಿತು.

ಅವಳು ಕೈ ಬದಲಿಸಿದಳು.

ಸವೆದ ಅಂಚು ಕಾವಲಿಗೆ ಅಂಗೈಯ ಹಾಗೆ ಒರಗಿ, ಸರ್ರನೆ ಒಳಗೆ ಜಾರಿತು. ದೋಸೆ ಇಡಿಯಾಗಿ ಎದ್ದು, ಮಗುಚಿ ಬಿತ್ತು. ಒಂದು ಎಳೆಯೂ ಹರಿದಿರಲಿಲ್ಲ.

ಅನಘ ಸಟ್ಟುಗವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅವಳ ಧ್ವನಿ ತಗ್ಗಿತು.

"ಮಾವ, ಇದು ಎಡಗೈಯಲ್ಲೇ ಸವೆದದ್ದು."

ರಾಯರು ಗೋಡೆಯ ಕಡೆ ತಿರುಗಿದರು. ಅವರ ಕಣ್ಣು ಫೋಟೋದ ಹವಳದುಂಗುರದ ಮೇಲೆ ನಿಂತುಬಿಟ್ಟಿತ್ತು.

ಅಂದು ಪರದೆಯ ಒಳಗೆ ಅವರ ಮಣಿಕಟ್ಟನ್ನು ಹಿಡಿದದ್ದು ಆ ಉಂಗುರದ ಬಲಗೈ. ಕಾದ ಸಟ್ಟುಗ ಇದ್ದದ್ದು ಅಮ್ಮನ ಎಡಗೈಯಲ್ಲಿ.